ಸೋಶಿಯಲ್ ವರ್ಕರ್‌ಗಳು ತಮ್ಮ ತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ?



ನಮ್ಮ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ವೀಸಾ, ಮನೆ ಸಾಲ, ಗ್ರಾಮರ್ ಸ್ಕೂಲ್ ಪರೀಕ್ಷೆ ಎಲ್ಲವೂ ಮಾತಿಗೆ ಬರುತ್ತವೆ. ಒಂದು ವಿಷಯ ಬಂದಾಗ ಮಾತ್ರ ಎಲ್ಲರ ದನಿ ಇಳಿಯುತ್ತದೆ. "ಅವರ ಮನೆಗೆ ಸೋಶಿಯಲ್ ಸರ್ವಿಸಸ್‌ನವರು ಬಂದಿದ್ದರಂತೆ ಕಣ್ರೀ..." ಅದರ ಹಿಂದೆಯೇ ಇನ್ನೊಬ್ಬರು, "ಅಯ್ಯೋ, ಅವರು ಬಂದರೆ ಮುಗೀತು, ಮಕ್ಕಳನ್ನ ಎತ್ಕೊಂಡು ಹೋಗಿಬಿಡ್ತಾರೆ" ಅನ್ನುತ್ತಾರೆ. 2011ರಲ್ಲಿ ನಾರ್ವೆಯಲ್ಲಿ, 2021ರಲ್ಲಿ ಜರ್ಮನಿಯಲ್ಲಿ ಭಾರತೀಯ ದಂಪತಿಗಳ ಮಕ್ಕಳನ್ನು ಅಲ್ಲಿನ ಅಧಿಕಾರಿಗಳು ತಮ್ಮ ವಶಕ್ಕೆ ತೆಗೆದುಕೊಂಡ ಸುದ್ದಿ ಈ ಭಯಕ್ಕೆ ತುಪ್ಪ ಸುರಿದಿದೆ. ಇದರಿಂದಾಗಿ ಸಹಾಯ ನಿಜವಾಗಿ ಬೇಕಿರುವ ಮನೆಯವರೂ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ಮಕ್ಕಳ ರಕ್ಷಣೆಯ ಸಭೆಗಳ ನಡಾವಳಿ ಬರೆಯುವ ಕೆಲಸ ಮಾಡುತ್ತೇನೆ. ನಾನು ಸೋಶಿಯಲ್ ವರ್ಕರ್ ಅಲ್ಲ, ನನಗೆ ಯಾವ ಅಧಿಕಾರವೂ ಇಲ್ಲ. ಮೇಜಿನ ಒಂದು ಮೂಲೆಯಲ್ಲಿ ಕೂತು ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನು ಬರೆದುಕೊಳ್ಳುವುದಷ್ಟೇ. ಯಾವುದೇ ಕುಟುಂಬದ ವಿಷಯ ಇಲ್ಲಿ ಬರೆಯುವಂತಿಲ್ಲ, ಬರೆಯುವುದೂ ಇಲ್ಲ. ಆದರೆ ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಬೇರೆ ಬೇರೆ ಕಚೇರಿಗಳ ಸೋಶಿಯಲ್ ವರ್ಕರ್‌ಗಳು ಯಾಕೆ ಅಷ್ಟೊಂದು ಫೋನು, ಅಷ್ಟೊಂದು ಮೀಟಿಂಗು ಮಾಡುತ್ತಾರೆ ಅನ್ನುವುದನ್ನು ಹೇಳಬಹುದು. ನಮ್ಮವರು ಸಾಮಾನ್ಯವಾಗಿ ದೂರುವುದೇ ಇದನ್ನು: "ಸ್ಕೂಲಿನಲ್ಲಿ ಹೇಳಿದ ಮಾತು ಡಾಕ್ಟರಿಗೆ ಹೇಗೆ ಗೊತ್ತಾಯಿತು? ಡಾಕ್ಟರಿಗೆ ಹೇಳಿದ್ದು ಕೌನ್ಸಿಲ್‌ಗೆ ಯಾಕೆ ಹೋಯಿತು?" ಇದಕ್ಕೆ ಉತ್ತರ ಒಂದು ಮಗುವಿನ ಕತೆಯಲ್ಲಿದೆ.

ಆ ಮಗುವಿನ ಹೆಸರು ವಿಕ್ಟೋರಿಯಾ ಕ್ಲಿಂಬಿಯೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ 1991ರಲ್ಲಿ ಹುಟ್ಟಿದವಳು. ಒಳ್ಳೆಯ ಶಿಕ್ಷಣ ಸಿಗಲಿ ಎಂದು ತಂದೆತಾಯಿ ಅವಳನ್ನು ಸಂಬಂಧದಲ್ಲಿ ಅಜ್ಜಿಯಾಗಬೇಕಿದ್ದ ಹೆಂಗಸಿನ ಜೊತೆ ಯುರೋಪಿಗೆ ಕಳಿಸಿದರು. ಇದು ನಮಗೆ ಅಪರಿಚಿತವಾದ ಮಾತೇನಲ್ಲ ಅಲ್ಲವೇ? ಓದಲೆಂದು ಹಳ್ಳಿಯ ಮಗುವನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿ ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಫ್ರಾನ್ಸ್‌ನಲ್ಲಿ ಕೆಲ ತಿಂಗಳು ಇದ್ದು 1999ರ ಏಪ್ರಿಲ್‌ನಲ್ಲಿ ಇಬ್ಬರೂ ಲಂಡನ್ನಿಗೆ ಬಂದರು. ಹತ್ತು ತಿಂಗಳಾದ ಮೇಲೆ, 2000ದ ಫೆಬ್ರವರಿ 25ರಂದು, ಎಂಟು ವರ್ಷದ ಆ ಹುಡುಗಿ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಮೈಮೇಲೆ 128 ಗಾಯಗಳಿದ್ದವು. ಆ ಹೆಂಗಸಿಗೂ ಅವಳ ಜೊತೆಗಾರನಿಗೂ 2001ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆ ಹತ್ತು ತಿಂಗಳಲ್ಲಿ ಈ ಮಗು ಯಾರ ಕಣ್ಣಿಗೂ ಬೀಳಲಿಲ್ಲವೇ? ಬಿದ್ದಿತ್ತು. ನಾಲ್ಕು ಕೌನ್ಸಿಲ್‌ಗಳ ಸೋಶಿಯಲ್ ಸರ್ವಿಸಸ್, ಎರಡು ಪೊಲೀಸ್ ತಂಡಗಳು, ಎರಡು ಆಸ್ಪತ್ರೆಗಳು, ಜೊತೆಗೆ ಎನ್‌ಎಸ್‌ಪಿಸಿಸಿ ನಡೆಸುತ್ತಿದ್ದ ಒಂದು ಕೇಂದ್ರ, ಇಷ್ಟೂ ಕಡೆ ಅವಳ ವಿಷಯ ತಲುಪಿತ್ತು. ಈಲಿಂಗ್ ಕೌನ್ಸಿಲ್ ಇದನ್ನು ಮನೆಯಿಲ್ಲದವರ ಸಮಸ್ಯೆ ಎಂದುಕೊಂಡಿತು. ಬ್ರೆಂಟ್ ಕೌನ್ಸಿಲ್‌ಗೆ ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ ಮಗುವಿನ ಬಗ್ಗೆ ಆತಂಕ ಹೇಳಿದ್ದರು. ಜುಲೈನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ಆಸ್ಪತ್ರೆಗೆ ಕರೆದೊಯ್ದರು. ಮೊದಲು ನೋಡಿದ ಡಾಕ್ಟರು ಯಾರೋ ಹೊಡೆದಿರಬೇಕು ಎಂದರು, ಹಿರಿಯ ಡಾಕ್ಟರು ಇದು ತುರಿಕಜ್ಜಿ ಎಂದರು. ಹಿರಿಯರ ಮಾತೇ ಸೋಶಿಯಲ್ ವರ್ಕರ್‌ಗೆ ತಲುಪಿತು. ಹತ್ತು ದಿನದಲ್ಲಿ ಮುಖ ಸುಟ್ಟುಕೊಂಡ ಮಗು ಇನ್ನೊಂದು ಆಸ್ಪತ್ರೆಗೆ ಬಂತು. ಆ ಆಸ್ಪತ್ರೆ ಎನ್‌ಫೀಲ್ಡ್‌ನಲ್ಲಿ, ಮನೆ ಹ್ಯಾರಿಂಗೇನಲ್ಲಿ. ಎನ್‌ಫೀಲ್ಡ್‌ನವರು ಹ್ಯಾರಿಂಗೇಗೆ ದಾಟಿಸಿದರು. ಹ್ಯಾರಿಂಗೇಯ ಸೋಶಿಯಲ್ ವರ್ಕರ್, ಪೊಲೀಸ್ ಇಬ್ಬರೂ ಮನೆಗೆ ಹೋಗಬೇಕಿತ್ತು. ಕಜ್ಜಿ ಅಂಟೀತೆಂದು ಆ ಭೇಟಿ ರದ್ದಾಯಿತು! ಅವಳ ತೀರುವಿಕೆಯ ದಿನವೇ ಹ್ಯಾರಿಂಗೇ ಕೌನ್ಸಿಲ್ ಅವಳ ಫೈಲನ್ನು ಮುಚ್ಚಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವೆ. ಇಲ್ಲಿ ಜಗಳವೂ ಇರಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಲಿಲ್ಲ ಅಷ್ಟೇ. ಮಗುವಿನ ಹೆಸರು ಕೂಡ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಹೆಂಗಸು ಇನ್ನೊಂದು ಹುಡುಗಿಯ ಪಾಸ್‌ಪೋರ್ಟಿನಲ್ಲಿ ಅವಳನ್ನು ಕರೆತಂದಿದ್ದರಿಂದ ಎಲ್ಲ ಕಾಗದಗಳಲ್ಲೂ "ಆನಾ" ಎಂದೇ ಇತ್ತು. ಮಗುವಿನ ಮಾತು ಫ್ರೆಂಚ್. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಭಾಷೆಯಲ್ಲಿ, ನಿಧಾನವಾಗಿ ಕೇಳಿದ ಸೋಶಿಯಲ್ ವರ್ಕರ್ ಒಬ್ಬರೂ ಇಲ್ಲ.

ಲಾರ್ಡ್ ಲೇಮಿಂಗ್ ನಡೆಸಿದ ವಿಚಾರಣೆಯ ವರದಿ 2003ರ ಜನವರಿಯಲ್ಲಿ ಬಂತು. ಅದರಲ್ಲಿ 108 ಶಿಫಾರಸುಗಳಿದ್ದವು. ಮಗುವನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳನ್ನು ಅವರು ಗುರುತಿಸಿದರು. ಕಾನೂನಿನಲ್ಲಿ ದೊಡ್ಡ ಕೊರತೆ ಇರಲಿಲ್ಲ, 1989ರ ಚಿಲ್ಡ್ರನ್ ಆಕ್ಟ್ ಚೆನ್ನಾಗಿಯೇ ಇತ್ತು, ಜಾರಿಗೆ ತಂದ ರೀತಿಯಲ್ಲಿ ತಪ್ಪಿತು ಎಂಬುದು ಅವರ ತೀರ್ಮಾನ. ಇದು ಮೊದಲ ಸಲವೂ ಅಲ್ಲ. 1973ರಲ್ಲಿ ಬ್ರೈಟನ್‌ನಲ್ಲಿ ಮರಿಯಾ ಕೋಲ್‌ವೆಲ್ ಎಂಬ ಏಳು ವರ್ಷದ ಹುಡುಗಿ ಮಲತಂದೆಯ ಕೈಯಲ್ಲಿ ಸತ್ತಾಗಲೂ ಇದೇ ಮಾತು ಬಂದಿತ್ತು. ಕಚೇರಿಗಳವರೆಲ್ಲ ಒಂದು ಮೇಜಿನ ಸುತ್ತ ಕೂತು ಮಾತಾಡುವ ಪದ್ಧತಿ ಗಟ್ಟಿಯಾದದ್ದು ಆಗಲೇ. 2004ರ ಚಿಲ್ಡ್ರನ್ ಆಕ್ಟ್ ಅದನ್ನು ಕಾನೂನಿನ ಕರ್ತವ್ಯವಾಗಿಸಿತು. 2017ರ ಇನ್ನೊಂದು ಕಾಯ್ದೆಯಿಂದ ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆ ಮೂರೂ ಸಮಾನ ಹೊಣೆಗಾರರಾದವು. ಇದನ್ನೆಲ್ಲ ಹೇಗೆ ನಡೆಸಬೇಕು ಎಂಬ ಸರ್ಕಾರಿ ಕೈಪಿಡಿಯ ಹೆಸರೇ "ವರ್ಕಿಂಗ್ ಟುಗೆದರ್". ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಪದ್ಧತಿ ಬೇರೆ. ಮುಂದೆ ಹೇಳುವುದೆಲ್ಲ ಇಂಗ್ಲೆಂಡಿನದು.

ಫೋನ್ ಬಂದ ಮೇಲೆ

ಟೀಚರೋ, ಜಿಪಿಯೋ, ಪಕ್ಕದ ಮನೆಯವರೋ ಕೌನ್ಸಿಲ್‌ಗೆ ಫೋನ್ ಮಾಡಿದರು ಎಂದುಕೊಳ್ಳಿ. ಬಹಳ ಕಡೆ ಅದು ಹೋಗುವುದು "ಮ್ಯಾಶ್" ಎಂಬ ತಂಡಕ್ಕೆ. ಸೋಶಿಯಲ್ ವರ್ಕರ್, ಪೊಲೀಸ್, ಹೆಲ್ತ್ ವಿಸಿಟರ್‌ಗಳ ಪ್ರತಿನಿಧಿಗಳು ಒಂದೇ ಕಡೆ ಕೂತು, ಅವರವರ ಕಂಪ್ಯೂಟರಿನಲ್ಲಿ ಆ ಮಗುವಿನ ಬಗ್ಗೆ ಏನಿದೆ ಎಂದು ನೋಡಿ ಜೋಡಿಸುವ ಜಾಗ ಅದು. ಏನು ಮಾಡಬೇಕೆಂದು ಒಂದು ಕೆಲಸದ ದಿನದೊಳಗೆ ತೀರ್ಮಾನವಾಗಬೇಕು. ಅನೇಕ ಫೋನ್‌ಗಳು ಅಲ್ಲಿಗೇ ನಿಲ್ಲುತ್ತವೆ. ಕೆಲವಕ್ಕೆ "ಈ ಮನೆಗೆ ಸ್ವಲ್ಪ ಆಸರೆ ಬೇಕು" ಎಂಬ ಉತ್ತರ ಬರುತ್ತದೆ. ಅದು ಚಿಲ್ಡ್ರನ್ ಆಕ್ಟ್‌ನ ಸೆಕ್ಷನ್ 17. ಇದಕ್ಕೆ ನಿಮ್ಮ ಒಪ್ಪಿಗೆ ಕೇಳುತ್ತಾರೆ. ವೀಸಾದಲ್ಲಿ "ಪಬ್ಲಿಕ್ ಫಂಡ್ಸ್ ಇಲ್ಲ" ಎಂದು ಬರೆದಿರುವ ನಮ್ಮವರು ಇದನ್ನು ಗಮನಿಸಬೇಕು: ವಲಸೆ ನಿಯಮಗಳ ಪ್ರಕಾರ ಪಬ್ಲಿಕ್ ಫಂಡ್ಸ್ ಎಂದು ಪಟ್ಟಿ ಮಾಡಿರುವುದರಲ್ಲಿ ಸೆಕ್ಷನ್ 17ರ ಸಹಾಯ ಸೇರಿಲ್ಲ.

ಮಗುವಿಗೆ ದೊಡ್ಡ ಹಾನಿಯಾಗುತ್ತಿದೆ ಅಥವಾ ಆಗಬಹುದು ಎಂಬ ಅನುಮಾನವಿದ್ದರೆ ಅದು ಸೆಕ್ಷನ್ 47. ಆಗ ಸೋಶಿಯಲ್ ವರ್ಕರ್, ಪೊಲೀಸ್, ಆರೋಗ್ಯದವರು ಸೇರಿ ಮೊದಲು ಒಂದು ಸಮಾಲೋಚನೆ ನಡೆಸುತ್ತಾರೆ. ಅದಕ್ಕೆ ತಂದೆತಾಯಿಯರನ್ನು ಕರೆಯುವುದಿಲ್ಲ. ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆಯೂ ಬೇಕಿಲ್ಲ, ಡೇಟಾ ಪ್ರೊಟೆಕ್ಷನ್ ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ನಮ್ಮವರಿಗೆ ಬಹಳ ಸಿಟ್ಟು ಬರುವುದು ಇಲ್ಲಿಯೇ. ನನಗೂ ಅದು ಅರ್ಥವಾಗುತ್ತದೆ. ಆದರೆ ವಿಕ್ಟೋರಿಯಾ ವಿಷಯದಲ್ಲಿ ಆಗದೇ ಹೋದದ್ದೂ ಇದೇ ಮಾತುಕತೆ.

ಅನುಮಾನ ನಿಜವೆನಿಸಿ, ಅಪಾಯ ಇನ್ನೂ ಇದೆ ಎಂದಾದರೆ 15 ಕೆಲಸದ ದಿನಗಳೊಳಗೆ ಚೈಲ್ಡ್ ಪ್ರೊಟೆಕ್ಷನ್ ಕಾನ್ಫರೆನ್ಸ್ ಸೇರುತ್ತದೆ. ನಾನು ನಡಾವಳಿ ಬರೆಯುವುದು ಇದಕ್ಕೆ. ಅಧ್ಯಕ್ಷತೆ ವಹಿಸುವವರು ಆ ಕೇಸಿನ ಹೊಣೆ ಇಲ್ಲದ ಹಿರಿಯರು. ಮಗುವಿನ ಸೋಶಿಯಲ್ ವರ್ಕರ್, ಶಾಲೆಯವರು, ಹೆಲ್ತ್ ವಿಸಿಟರ್ ಅಥವಾ ಸ್ಕೂಲ್ ನರ್ಸ್, ಪೊಲೀಸ್, ಎಲ್ಲರೂ ಇರುತ್ತಾರೆ. ತಂದೆತಾಯಿಯರೂ ಇರುತ್ತಾರೆ. ಈ ಮಾತು ಕೇಳಿ ಅನೇಕರು ಆಶ್ಚರ್ಯಪಡುತ್ತಾರೆ. "ನಮ್ಮನ್ನೂ ಕರೀತಾರಾ?" ಹೌದು, ಕರೆಯುತ್ತಾರೆ, ಜೊತೆಗೆ ಒಬ್ಬ ಸ್ನೇಹಿತರನ್ನೋ ವಕೀಲರನ್ನೋ ಕರೆದುಕೊಂಡು ಬರಬಹುದು. ಸೋಶಿಯಲ್ ವರ್ಕರ್ ಬರೆದ ವರದಿಯನ್ನು ಸಭೆಗೆ ಮೊದಲೇ ನಿಮಗೆ ತೋರಿಸಬೇಕು. ತಪ್ಪಿದ್ದರೆ ಅಲ್ಲೇ ಹೇಳಿ, ನಮ್ಮಂಥವರು ಬರೆದುಕೊಳ್ಳುತ್ತೇವೆ.

ಆ ಕೋಣೆಯಲ್ಲಿ ಕೂತು ನಾನು ಕಂಡುಕೊಂಡ ಒಂದು ವಿಷಯ ಹೇಳುತ್ತೇನೆ. ಬಿಡಿಬಿಡಿಯಾಗಿ ನೋಡಿದರೆ ಯಾರ ಕೈಯಲ್ಲೂ ದೊಡ್ಡ ಸಂಗತಿ ಇರುವುದಿಲ್ಲ. ಶಾಲೆಯವರು "ಮಗು ಸೋಮವಾರ ಹಸಿದು ಬರುತ್ತದೆ" ಅನ್ನುತ್ತಾರೆ. ಹೆಲ್ತ್ ವಿಸಿಟರ್ "ತಾಯಿ ಎರಡು ಸಲ ಅಪಾಯಿಂಟ್‌ಮೆಂಟಿಗೆ ಬರಲಿಲ್ಲ" ಅನ್ನುತ್ತಾರೆ. ಪೊಲೀಸರು "ಶನಿವಾರ ರಾತ್ರಿ ಗಲಾಟೆ ಎಂದು ಪಕ್ಕದವರು ಕರೆದಿದ್ದರು" ಅನ್ನುತ್ತಾರೆ. ಮೂರನ್ನೂ ಒಂದೇ ಕಾಗದದ ಮೇಲೆ ಬರೆದಾಗ ಶನಿವಾರದಿಂದ ಸೋಮವಾರದವರೆಗೆ ಆ ಮನೆಯಲ್ಲಿ ಏನಾಗುತ್ತಿರಬಹುದು ಎಂಬುದು ಎಲ್ಲರ ಮುಖದಲ್ಲೂ ಕಾಣುತ್ತದೆ. (ಇದು ಯಾವ ನಿಜ ಮನೆಯದೂ ಅಲ್ಲ, ಉದಾಹರಣೆಗೆ ಹೇಳಿದ್ದು.) ಕೆಲವೊಮ್ಮೆ ತದ್ವಿರುದ್ಧವೂ ಆಗುತ್ತದೆ. ಜೋಡಿಸಿ ನೋಡಿದಾಗ ಏನೂ ಇಲ್ಲವೆಂದು ತಿಳಿದು ಸಭೆ ಮುಗಿಯುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಕಾನ್ಫರೆನ್ಸ್‌ಗೆ ಮಗುವನ್ನು ಮನೆಯಿಂದ ತೆಗೆಯುವ ಅಧಿಕಾರವಿಲ್ಲ. ಸೋಶಿಯಲ್ ವರ್ಕರ್‌ಗೂ ಇಲ್ಲ. ಪೊಲೀಸರು ತುರ್ತಿನಲ್ಲಿ ಹೆಚ್ಚೆಂದರೆ 72 ಗಂಟೆ ಇಟ್ಟುಕೊಳ್ಳಬಹುದು. ಕೋರ್ಟಿನ ತುರ್ತು ಆದೇಶ ಎಂಟು ದಿನದ್ದು, ಒಂದು ಸಲ ಏಳು ದಿನ ವಿಸ್ತರಿಸಬಹುದು. ಅದಕ್ಕೂ ಮೀರಿದ್ದಕ್ಕೆ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಆ ಕೇಸಿನಲ್ಲಿ ತಂದೆತಾಯಿಯರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವಿದೆ. ನಾನು ಎಚ್ಚರಿಸಬೇಕೆಂದಿರುವುದು ಇನ್ನೊಂದನ್ನು. ಸೆಕ್ಷನ್ 20 ಎಂಬುದು ತಂದೆತಾಯಿಯರೇ "ಸ್ವಲ್ಪ ದಿನ ಮಗುವನ್ನು ನೀವು ನೋಡಿಕೊಳ್ಳಿ" ಎಂದು ಒಪ್ಪಿ ಸಹಿ ಹಾಕುವುದು. ಅದು ಒಪ್ಪಿಗೆ, ಆದೇಶ ಅಲ್ಲ. ಗಾಬರಿಯಲ್ಲಿ, ಅರ್ಥವಾಗದೆ ಸಹಿ ಹಾಕಬೇಡಿ. ಮೊದಲು ವಕೀಲರ ಜೊತೆ ಮಾತಾಡುತ್ತೇನೆ ಎನ್ನುವುದು ನಿಮ್ಮ ಹಕ್ಕು.

ಒಂದು ಮಗು, ಎಷ್ಟು ಜನ ಸೋಶಿಯಲ್ ವರ್ಕರ್?

ನಮ್ಮವರು ಗೊಂದಲಕ್ಕೆ ಬೀಳುವುದು ಇಲ್ಲಿ. ಮಗುವಿಗೆ ಒಬ್ಬರು ಸೋಶಿಯಲ್ ವರ್ಕರ್ ಇರುತ್ತಾರೆ. ಮಗು ಫಾಸ್ಟರ್ ಮನೆಯಲ್ಲಿದ್ದರೆ ಆ ಮನೆಯವರನ್ನು ನೋಡಿಕೊಳ್ಳಲು ಇನ್ನೊಬ್ಬರು. ಕೌನ್ಸಿಲ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆಯೇ ಎಂದು ನೋಡಲು ಸ್ವತಂತ್ರ ರಿವ್ಯೂಯಿಂಗ್ ಆಫೀಸರ್, ಅವರೂ ಸೋಶಿಯಲ್ ವರ್ಕರೇ. ಕೋರ್ಟಿಗೆ ಹೋದರೆ ಮಗುವಿನ ಪರವಾಗಿ ಕ್ಯಾಫ್‌ಕ್ಯಾಸ್‌ನಿಂದ ಗಾರ್ಡಿಯನ್, ಅವರೂ ಸೋಶಿಯಲ್ ವರ್ಕರೇ. ತಾಯಿಗೆ ಮಾನಸಿಕ ಕಾಯಿಲೆಯಿದ್ದರೆ ದೊಡ್ಡವರ ವಿಭಾಗದಿಂದ ಮತ್ತೊಬ್ಬರು. ಎಲ್ಲರೂ ಒಂದೇ ವೃತ್ತಿಯವರು, ಆದರೆ ಒಬ್ಬೊಬ್ಬರು ಒಬ್ಬೊಬ್ಬರ ಪರ ನಿಂತವರು. ಗಾರ್ಡಿಯನ್ ಕೌನ್ಸಿಲ್ ಹೇಳಿದ್ದಕ್ಕೆ ಕೋರ್ಟಿನಲ್ಲಿ ವಿರುದ್ಧ ಹೇಳಬಹುದು. ಫಾಸ್ಟರ್ ಮನೆಯ ಸೋಶಿಯಲ್ ವರ್ಕರ್ "ಈ ಮಗುವಿಗೆ ಇಲ್ಲಿ ಹೊಂದುತ್ತಿಲ್ಲ" ಎಂದು ತಮ್ಮ ಸಹೋದ್ಯೋಗಿಗೇ ಹೇಳಬೇಕಾಗುತ್ತದೆ. ಹೊಂದಿಕೊಂಡು ಕೆಲಸ ಮಾಡುವುದು ಎಂದರೆ ತಲೆಯಾಡಿಸುವುದಲ್ಲ. ಭಿನ್ನಾಭಿಪ್ರಾಯ ಫೈಲಿನಲ್ಲಿ ದಾಖಲಾಗಬೇಕು. ನನ್ನ ಅನುಭವದಲ್ಲಿ ಒಳ್ಳೆಯ ಸಭೆ ಎಂದರೆ ಒಬ್ಬರಾದರೂ "ನನಗೆ ಹಾಗನಿಸುವುದಿಲ್ಲ" ಎಂದ ಸಭೆ.

ಮಾತು ಹೆಚ್ಚಾಗಿ ಹರಿದುಹೋಗುವುದು ಕೈ ಬದಲಾಗುವಾಗ. ಸೋಶಿಯಲ್ ವರ್ಕರ್ ಕೆಲಸ ಬಿಡುತ್ತಾರೆ, ಏಜೆನ್ಸಿಯವರು ಬರುತ್ತಾರೆ, ಅವರೂ ಹೋಗುತ್ತಾರೆ. ಅಥವಾ ಕುಟುಂಬವೇ ಒಂದು ಕೌನ್ಸಿಲ್‌ನಿಂದ ಇನ್ನೊಂದಕ್ಕೆ ಮನೆ ಬದಲಿಸುತ್ತದೆ. ಐಟಿ ಪ್ರಾಜೆಕ್ಟಿನ ಮೇಲೆ ಬಂದ ನಮ್ಮವರು ರೆಡಿಂಗ್, ಮಿಲ್ಟನ್ ಕೀನ್ಸ್, ಮ್ಯಾಂಚೆಸ್ಟರ್ ಎಂದು ಸುತ್ತುವುದು ಗೊತ್ತೇ ಇದೆ. ಹಳೆಯ ಕೌನ್ಸಿಲ್‌ನವರು ಹೊಸ ಕೌನ್ಸಿಲ್‌ಗೆ ಫೈಲು ಕಳಿಸಿ ಸುಮ್ಮನಾದರೆ ಸಾಲದು, ಇಬ್ಬರು ಸೋಶಿಯಲ್ ವರ್ಕರ್‌ಗಳು ಎದುರೆದುರು ಮಾತಾಡಬೇಕು. ಹೊಸಬರು ಬಂದಾಗ "ಹಿಂದಿನವರು ನಿಮಗೆ ಏನು ಹೇಳಿದ್ದಾರೆ?" ಎಂದು ನೀವೇ ಕೇಳಿ. ತಪ್ಪೇನೂ ಇಲ್ಲ.

ಇನ್ನು ನಮ್ಮ ಹೆಸರುಗಳ ಕತೆ! ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್, ಶಾಲೆಯಲ್ಲಿ ಊರಿನ ಹೆಸರು, ಜಿಪಿ ಹತ್ತಿರ ಬರೀ ಇನಿಷಿಯಲ್. ಒಂದೇ ಮಗು ಮೂರು ಕಡೆ ಮೂರು ಮಗುವಾಗಿರುತ್ತದೆ. ಎಲ್ಲ ಮಕ್ಕಳ ಪಟ್ಟಿಯೊಂದನ್ನು ಇಡಲು ಸರ್ಕಾರ "ಕಾಂಟ್ಯಾಕ್ಟ್ ಪಾಯಿಂಟ್" ಎಂಬ ದೊಡ್ಡ ಡೇಟಾಬೇಸ್ ಕಟ್ಟಿತ್ತು. ಗೌಪ್ಯತೆಯ ವಿವಾದವೆದ್ದು 2010ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿದರು. ಪ್ರತಿ ಮಗುವಿಗೂ ಒಂದೇ ಗುರುತಿನ ಸಂಖ್ಯೆ ಇರಲಿ ಎಂಬ ಮಾತು 2024ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ಬಂದ ಮಸೂದೆಯಲ್ಲಿ ಮತ್ತೆ ಕಾಣಿಸಿತು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು, ಶಾಲೆಯಲ್ಲೂ ಜಿಪಿಯಲ್ಲೂ ಒಂದೇ ಹೆಸರು ಒಂದೇ ಕ್ರಮದಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು.

ಸ್ನೇಹಿತರ ಮನೆಯಲ್ಲಿ ಮಗುವನ್ನು ಬಿಟ್ಟರೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಊರಿನಲ್ಲಿ ಅಪ್ಪನಿಗೆ ಹುಷಾರಿಲ್ಲ, ಗಂಡ ಹೆಂಡತಿ ಇಬ್ಬರೂ ಹೊರಡಬೇಕು, ಮಗಳಿಗೆ ಪರೀಕ್ಷೆ. "ನಮ್ಮನೇಲಿ ಇರಲಿ ಬಿಡಿ" ಎಂದು ಕನ್ನಡ ಸಂಘದ ಸ್ನೇಹಿತರು ಹೇಳುತ್ತಾರೆ. ಎಷ್ಟು ದೊಡ್ಡ ಮನಸ್ಸು! ಆದರೆ 16 ವರ್ಷದೊಳಗಿನ ಮಗು 28 ದಿನ ಅಥವಾ ಹೆಚ್ಚು ಕಾಲ ಹತ್ತಿರದ ಸಂಬಂಧಿಯಲ್ಲದವರ ಮನೆಯಲ್ಲಿದ್ದರೆ ಅದು "ಪ್ರೈವೇಟ್ ಫಾಸ್ಟರಿಂಗ್", ಕೌನ್ಸಿಲ್‌ಗೆ ತಿಳಿಸಲೇಬೇಕು. ಅಂಗವೈಕಲ್ಯವಿದ್ದರೆ 18 ವರ್ಷದವರೆಗೂ. ಅಜ್ಜಿ ತಾತ, ಚಿಕ್ಕಪ್ಪ ದೊಡ್ಡಪ್ಪ, ಅತ್ತೆ ಮಾವ, ಚಿಕ್ಕಮ್ಮ ದೊಡ್ಡಮ್ಮ, ಅಣ್ಣ ಅಕ್ಕ, ಇಷ್ಟು ಜನ ಕಾನೂನಿನಲ್ಲಿ ಹತ್ತಿರದವರು. ಅಪ್ಪನ ಕಸಿನ್, ಅಜ್ಜಿಯ ತಂಗಿ ಇವರೆಲ್ಲ ನಮಗೆ ಮನೆಯವರೇ, ಕಾನೂನಿಗೆ ಅಲ್ಲ. ವಿಕ್ಟೋರಿಯಾ ಇದ್ದದ್ದೂ ಹಾಗೆಯೇ. ತಿಳಿಸಿದರೆ ಏನಾಗುತ್ತದೆ? ಒಬ್ಬ ಸೋಶಿಯಲ್ ವರ್ಕರ್ ಬಂದು ಮಗುವಿನ ಜೊತೆ ಮಾತಾಡಿ, ಮಲಗುವ ಕೋಣೆ ನೋಡಿ ಹೋಗುತ್ತಾರೆ. 

ಕಚೇರಿ ಕಚೇರಿಗಳ ನಡುವಿನ ಈ ಮಾತುಕತೆ ಕೆಲವೊಮ್ಮೆ ಕರ್ನಾಟಕದವರೆಗೂ ಹೋಗುತ್ತದೆ. ಇಲ್ಲಿ ತಂದೆತಾಯಿಯರಿಂದ ಆಗದಿದ್ದಾಗ "ಹಾಸನದಲ್ಲಿರುವ ಅಜ್ಜಿ ನೋಡಿಕೊಳ್ಳಬಲ್ಲರೇ?" ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಅದಕ್ಕೆ ಅಜ್ಜಿಯ ಮನೆಯ ವರದಿ ಬೇಕು. ಇಂಥ ಕೆಲಸದಲ್ಲಿ ಇಲ್ಲಿನ ಕೌನ್ಸಿಲ್‌ಗಳಿಗೆ "ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಅಕ್ರಾಸ್ ಬಾರ್ಡರ್ಸ್" ಎಂಬ ಸಂಸ್ಥೆ ನೆರವಾಗುತ್ತದೆ. ಅಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಗಳಿವೆ. ಭಾರತ 1996ರ ಹೇಗ್ ಮಕ್ಕಳ ರಕ್ಷಣಾ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಇಲ್ಲಿನ ಕೋರ್ಟಿನ ಆದೇಶ ಅಲ್ಲಿ ತಾನೇ ತಾನಾಗಿ ನಡೆಯುವುದಿಲ್ಲ, ಕೆಲಸ ನಿಧಾನ. ಅದಕ್ಕೇ ಊರಿನ ಬಂಧುಗಳ ಹೆಸರು, ಫೋನ್ ನಂಬರು, ಅವರಿಗೆ ಮನಸ್ಸಿದೆಯೇ ಎಂಬುದನ್ನು ಮೊದಲ ವಾರದಲ್ಲೇ ಸೋಶಿಯಲ್ ವರ್ಕರ್‌ಗೆ ಕೊಡಿ. ಇಲ್ಲಿನ ಕೇರ್ ಕೇಸುಗಳು 26 ವಾರದಲ್ಲಿ ಮುಗಿಯಬೇಕೆಂಬ ನಿಯಮ 2014ರಿಂದ ಇದೆ. ಇಪ್ಪತ್ತನೇ ವಾರದಲ್ಲಿ ಅಜ್ಜಿಯ ಹೆಸರು ಹೇಳಿದರೆ ಬಹಳ ತಡವಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೆ ವ್ಯವಸ್ಥೆ ಸರಿಹೋಯಿತೇ? ಇಲ್ಲ. 2007ರಲ್ಲಿ ಅದೇ ಹ್ಯಾರಿಂಗೇಯಲ್ಲಿ ಹದಿನೇಳು ತಿಂಗಳ ಪೀಟರ್ ಕಾನೆಲಿ ಸತ್ತ. 2020ರಲ್ಲಿ ಸೊಲಿಹಲ್‌ನ ಆರು ವರ್ಷದ ಆರ್ಥರ್, ಕೀತ್ಲಿಯ ಹದಿನಾರು ತಿಂಗಳ ಸ್ಟಾರ್. ಈ ಇಬ್ಬರ ವಿಷಯದಲ್ಲೂ ಅಜ್ಜಿ ಮತ್ತಿತರ ಬಂಧುಗಳು ಮೊದಲೇ ತಿಳಿಸಿದ್ದರು. ಸ್ಟಾರ್ ಬಗ್ಗೆ ಬಂದ ದೂರುಗಳನ್ನು ಹಗೆಯಿಂದ ಹೇಳಿದ್ದು ಎಂದು ತಳ್ಳಿಹಾಕಲಾಯಿತು. ಆರ್ಥರ್ ವಿಷಯದಲ್ಲಿ ಎಲ್ಲ ಇಲಾಖೆಗಳು ಸೇರಿ ಸಮಾಲೋಚನೆ ನಡೆಸಬೇಕಿತ್ತು, ನಡೆಸಲಿಲ್ಲ. 2022ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ವರದಿ ಇದನ್ನೆಲ್ಲ ಬಿಚ್ಚಿಟ್ಟಿತು. ಸೋಶಿಯಲ್ ವರ್ಕರ್‌ಗಳು ಬೇಡದ ಮನೆಗೆ ನುಗ್ಗುತ್ತಾರೆ ಎಂದು ನಮ್ಮವರು ಬೈಯುತ್ತಾರೆ. ಈ ವರದಿಗಳನ್ನು ಓದಿದರೆ ಬೇಕಾದ ಮನೆಗೆ ಹೋಗದಿದ್ದುದೇ ಹೆಚ್ಚು ಕಾಣುತ್ತದೆ.

ಕೊನೆಗೆ ಭಾಷೆಯ ಮಾತು. ಇಂಡಿಯಾದವರು ಎಂದ ಕೂಡಲೇ ಹಿಂದಿ ಇಂಟರ್‌ಪ್ರಿಟರ್ ಕರೆಸುವುದು ಇಲ್ಲಿ ಮಾಮೂಲು. ಊರಿಂದ ಬಂದ ಅಮ್ಮನಿಗೆ, ಹೊಸದಾಗಿ ಬಂದ ಹೆಂಡತಿಗೆ ಹಿಂದಿ ಬಾರದಿದ್ದರೆ "ಕನ್ನಡ ಬೇಕು" ಎಂದು ಮೊದಲ ಫೋನಿನಲ್ಲೇ ಹೇಳಿ, ಫೈಲಿನಲ್ಲಿ ಬರೆಸಿ. ಗಂಡನೋ ಮಗನೋ ತರ್ಜುಮೆ ಮಾಡಲಿ ಎಂದರೆ ಒಪ್ಪಬೇಡಿ. ಆ ಹೆಣ್ಣುಮಗಳಿಗೆ ಹೇಳಬೇಕಾದದ್ದು ಗಂಡನ ವಿಷಯವೇ ಇರಬಹುದು.

ಮಗುವಿನ ಬಗ್ಗೆ ಆತಂಕವಿದ್ದರೆ ನಿಮ್ಮ ಕೌನ್ಸಿಲ್‌ಗೆ ಅಥವಾ ಎನ್‌ಎಸ್‌ಪಿಸಿಸಿಗೆ (0808 800 5000) ಫೋನ್ ಮಾಡಬಹುದು, ಹೆಸರು ಹೇಳಬೇಕಿಲ್ಲ. ಮಕ್ಕಳೇ ಮಾತಾಡಲು ಚೈಲ್ಡ್‌ಲೈನ್ 0800 1111. ನಿಮ್ಮ ಮನೆಗೇ ಸೋಶಿಯಲ್ ವರ್ಕರ್ ಬಂದಿದ್ದು ಸಲಹೆ ಬೇಕಿದ್ದರೆ ಫ್ಯಾಮಿಲಿ ರೈಟ್ಸ್ ಗ್ರೂಪ್‌ನ ಉಚಿತ ಸಾಲು 0808 801 0366. ತಕ್ಷಣದ ಅಪಾಯವಿದ್ದರೆ 999.